ಎಣಿಕೆ

ಹೊಲಿಗೆ ಮುಗಿದಿತ್ತು.
ಒಡೆದ ಅಪೆಂಡಿಕ್ಸು ಸ್ಟೀಲು ಬಟ್ಟಲಲ್ಲಿ
ಹಳೇ ಹುಣಸೆಹಣ್ಣಿನ ಹಾಗೆ.
ಮಂಡ್ಯದಲ್ಲಿ ಈ ಹೊತ್ತಿಗೆ ಎಲ್ಲಿ ಕಾಫಿ ಸಿಕ್ಕೀತು
ಎಂದುಕೊಳ್ಳುತ್ತ ಸರ್ಜನ್ ಹೊರಟರು.
ಗ್ಯಾಸು ನಿಲ್ಲಿಸಿ ಕಾದೆ.
ಕೆಮ್ಮಬೇಕಿತ್ತು ಹೊಂಬಾಳಮ್ಮ,
ನಳಿಗೆ ಕಚ್ಚಬೇಕಿತ್ತು,
ಕೈ ಎತ್ತಿ ನನ್ನನ್ನು ಬೈಯಬೇಕಿತ್ತು.
ಎದ್ದ ಗಳಿಗೆ ಎಲ್ಲರೂ ಬೈಯುತ್ತಾರೆ,
ಅದೇ ನನ್ನ ಸಂಬಳ.

ಎದೆ ಏಳಲಿಲ್ಲ.

ಮುಕ್ಕಾಲು ಗಂಟೆಯ ಹಿಂದೆ ಕೊಟ್ಟದ್ದು
ಐದು ನಿಮಿಷದ ಮದ್ದು.
ನಳಿಗೆ ಇಳಿಸುವಷ್ಟು ಹೊತ್ತು ಮೈ ಸಡಿಲಿಸಿ
ನೀರಿಗೆ ಬಿದ್ದ ಅಚ್ಚುಬೆಲ್ಲದಂತೆ
ಎಲ್ಲರ ನೆತ್ತರಲ್ಲೂ ತಾನೇ ಕರಗುತ್ತದೆ.
ಇವಳ ನೆತ್ತರಲ್ಲಿ ಕಲ್ಲಾಗಿ ಕೂತಿದೆ.
ಆಪರೇಷನ್ನಿನ ಉದ್ದಕ್ಕೂ ಒಮ್ಮೆಯೂ ಅಲುಗಿರಲಿಲ್ಲ ಇವಳು;
ಆಗಲೇ ಅನುಮಾನ ಪಡಬೇಕಿತ್ತು ನಾನು.

ಐಸಿಯುವಿನ ಮಷೀನು ಒಂದು ಕೆಟ್ಟಿದೆ,
ಉಳಿದವು ಬೇರೆಯವರಿಗೆ ಉಸಿರಾಡುತ್ತಿವೆ.
ಮೈಸೂರಿಗೆ ಕಳಿಸಿಬಿಡಿ, ಅಂದರು ಫೋನಿನಲ್ಲಿ.
ಶ್ರೀರಂಗಪಟ್ಟಣದ ಹತ್ತಿರ ಆಂಬುಲೆನ್ಸು ಕೆಟ್ಟು ನಿಂತರೆ?
ಚೀಲ ನನ್ನ ಕೈಯಲ್ಲೇ ಇತ್ತಲ್ಲ.
ಕಪ್ಪು ರಬ್ಬರಿನ ಚೀಲ. ಹಿಂಡು, ಬಿಡು.
ಇದಕ್ಕೆ ಮರುಮದ್ದಿಲ್ಲ ಎಂದಿದ್ದರು ಕಲಿಸಿದ ಮೇಡಮ್ಮು,
ಅವಳ ಬದಲು ನೀನು ಉಸಿರಾಡು.
ಕಾಯಿ.

ನಿದ್ದೆಗೆ ಹೆದರಿ ಬಾಯಿಬಿಟ್ಟು ಎಣಿಸಿದೆ,
ಅರವತ್ತಾದರೆ ಮತ್ತೆ ಒಂದರಿಂದ.
ಆಗ ಕಂಡಿತು:
ಪಟ್ಟಿ ಅಂಟಿಸಿ ಮುಚ್ಚಿದ ಕಣ್ಣಿನ ಅಂಚಿಂದ
ಕಿವಿಯ ಕಡೆಗೆ ಒಂದು ಗೆರೆ ನೀರು.
ನಾಡಿ ನೂರ ಮೂವತ್ತು.
ಬೆರಳ ತುದಿಯನ್ನೂ ಆಡಿಸಲಾಗದ ಮೈಯೊಳಗೆ
ಹೊಂಬಾಳಮ್ಮ ಪೂರಾ ಎಚ್ಚರವಾಗಿದ್ದಾಳೆ.
ನಿದ್ದೆಮದ್ದು, ಬೇಗ, ಎಂದೆ ಸಿಸ್ಟರ್ ಮುಬೀನಾಗೆ.
ಕಿವಿಯ ಹತ್ತಿರ ಬಾಗಿ
ಇಲ್ಲೇ ಇದ್ದೀನಿ ಕಣಮ್ಮ, ಗಾಳಿ ನಾನು ಕೊಡ್ತೀನಿ, ಎಂದೆ.
ಆ ಗೆರೆ ಒಣಗುವವರೆಗೂ
ಮಾನಿಟರು ನೋಡುವ ಧೈರ್ಯವಾಗಲಿಲ್ಲ.

ಮೂರು ಗಂಟೆಗೆ ಬಾಗಿಲಾಚೆ ಜವರೇಶ,
ಕಿರುಗಾವಲಿಂದ ತಂಗಿಯನ್ನು ಟವಲಿನಲ್ಲಿ ಬೆನ್ನಿಗೆ ಬಿಗಿದು
ಬೈಕಿನಲ್ಲಿ ತಂದವನು.
ಚೀಲ ಮುಬೀನಾಗೆ ಕೊಟ್ಟು ಹೋಗಿ ಕೇಳಿದೆ:
ನಿಮ್ಮನೇಲಿ ಯಾರಿಗಾದರೂ ಹೀಗೆ, ಆಪರೇಷನ್ ಆದಮೇಲೆ?
ಅವನು ಗೋಡೆ ನೋಡಿದ.
"ನಮ್ ದೊಡ್ಡವ್ವ. ನಾನ್ ಹುಟ್ಟೋಕ್ ಮುಂಚೆ.
ಗರ್ಬಕೋಶ ತಗ್ಸಕೆ ಮೈಸೂರ್ನಾಗೆ ಮನಗ್ಸುದ್ರು, ಎದ್ದೇಳ್ನಿಲ್ಲ.
ದೊಡ್ಡಪ್ಪನೇ ದುಡ್ ಕೊಟ್ಟು ಏನೋ ಮಾಡ್ಸವ್ನೆ ಅಂದ್ಳು ಅಜ್ಜಿ.
ಅವತ್ತಿಂದ ಅವ್ರ್ ಮನೆ ನೀರು ಮುಟ್ಟಿಲ್ಲ ನಾವು."
ನಿಮ್ಮವ್ವ?
"ಅವ್ವನ್ನ ಸೋದರಮಾವಂಗೇ ಕೊಟ್ಟಿದ್ದು. ನಮ್ಮಪ್ಪ."

ಮೂವತ್ತೆಂಟು ವರ್ಷ ಒಬ್ಬ ಗಂಡಸು
ಊರೆದುರು ತನ್ನ ಜಗಲಿಯಲ್ಲಿ ಕೊಲೆಗಾರನಾಗಿ ಕೂತು
ಬೀಡಿ ಹಚ್ಚಿದ.
ಆ ಒಲೆಯಲ್ಲಿ ಒಬ್ಬನಿಗೆ ಅನ್ನ ಹೇಗೆ ಬೆಂದೀತು?
ಏನೂ ಹೇಳದೆ ಒಳಗೆ ಹೋಗಿ
ಚೀಲ ವಾಪಸು ತಗೊಂಡೆ.

ಐದು ಇಪ್ಪತ್ತಕ್ಕೆ
ಬಾವಿಗೆ ಬಿಟ್ಟ ಕೊಡ ನೀರು ಮುಟ್ಟಿದಾಗ ಹಗ್ಗ ಜಗ್ಗುವಂತೆ
ಅಂಗೈಯಲ್ಲಿ ಏನೋ ಎಳೆಯಿತು.
ನಾನು ಹಿಂಡಿರಲಿಲ್ಲ.
ಅವಸರ ಬೇಡವೆಂದು ಇನ್ನೂ ಒಂದು ಗಂಟೆ ಕಾದೆ,
ತಲೆ ಎತ್ತಿ ಐದು ಎಣಿಸುವವರೆಗೆ ಹಿಡಿ ಎಂದೆ, ಹಿಡಿದಳು.
ನಳಿಗೆ ತೆಗೆದೆ. ಕೆಮ್ಮಿದಳು.
ಬೈಯಲಿಲ್ಲ.

ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಮದ್ದಿನ ಹೆಸರು,
ಕೆಳಗೆ: ಇವರಿಗೆ ಕೊಡಬಾರದು, ಒಡಹುಟ್ಟಿದವರ ರಕ್ತ ಪರೀಕ್ಷಿಸಿ.
ಜವರೇಶ ಅದನ್ನು ರೇಷನ್ ಕಾರ್ಡಿನ ಕವರಿಗೆ ತುರುಕಿದ.
"ದೊಡ್ಡಪ್ಪಂಗೂ ಒಂದ್ ಚೀಟಿ ಬರ್ಕೊಡಿ."
ಇದ್ದಾರಾ?
"ಅವ್ನೆ. ಕಣ್ ಕಾಣಕಿಲ್ಲ. ಓದಿ ಯೋಳ್ತೀನಿ."

ಮಧ್ಯಾಹ್ನ ವಾರ್ಡಿನಲ್ಲಿ
ತುಟಿಗೆ ಒದ್ದೆ ಹತ್ತಿ ಒತ್ತಿಕೊಂಡು
ಒಡೆದ ದನಿಯಲ್ಲಿ ಅಂದಳು ಹೊಂಬಾಳಮ್ಮ:
"ಎಣಿಸ್ತಿದ್ದೋರು ನೀವೇ ಅಲ್ವ?
ಇಪ್ಪತ್ತೇಳಾದ್ಮೇಲೆ ಇಪ್ಪತ್ತೊಂಬತ್ತು ಅಂದ್ಬುಟ್ರಿ.
ಇಪ್ಪತ್ತೆಂಟ್ ಎಲ್ಲೋಯ್ತು ಅಂತ
ಒಳ್ಗೊಳ್ಗೇ ಕಿರುಚ್ಕಂಡೆ ಕಣವ್ವ."

ಗಾಳಿ ಬಂದಿತ್ತು, ಬಾಯಿ ತಪ್ಪಿದ್ದು, ಎಂದೆ.
ಬಂದಿತ್ತೇ?
ಅವಳ ಹೊದಿಕೆಯ ಅಂಚನ್ನು ನನ್ನ ಬಲಗೈ
ಹಿಂಡುತ್ತಿತ್ತು, ಬಿಡುತ್ತಿತ್ತು.